ಪದವಿ ತರಗತಿಯಲ್ಲಿ ವಿಜ್ಞಾನ ಸಂವಹನ: ಮನೋವಿಜ್ಞಾನವೇ ಪಠ್ಯ, ಅದೇ ಒರೆಗಲ್ಲು

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಅಲ್ಲಿನ ವೈದ್ಯರಿಗೂ ಔಷಧ ವಿತರಕರಿಗೂ ತುರ್ತು ಪತ್ರವೊಂದನ್ನು ರವಾನಿಸಿತು. ಮೂರನೆಯ ಪೀಳಿಗೆಯ ಗರ್ಭನಿರೋಧಕ ಮಾತ್ರೆಗಳನ್ನು ಸೇವಿಸುವ ಮಹಿಳೆಯರಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿಯಾಗುತ್ತದೆ ಎಂಬುದು ಪತ್ರದ ಸಾರ. ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ಈ ಎಚ್ಚರಿಕೆಯನ್ನು ಮನೆಮನೆಗೆ ತಲುಪಿಸಿದವು. ಗಾಬರಿಗೊಂಡ ಸಾವಿರಾರು ಮಹಿಳೆಯರು ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚುವರಿಯಾಗಿ ನಡೆದವೆಂದು ಅಂದಾಜಿಸಲಾಗಿದೆ.

ಪತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಹಳೆಯ ಬಗೆಯ ಮಾತ್ರೆ ಸೇವಿಸುವ 7,000 ಮಹಿಳೆಯರಲ್ಲಿ ಒಬ್ಬರಿಗೆ ಈ ತೊಂದರೆ ಕಾಣಿಸಿಕೊಳ್ಳುತ್ತಿದ್ದರೆ, ಹೊಸ ಬಗೆಯ ಮಾತ್ರೆ ಸೇವಿಸುವ ಅಷ್ಟೇ ಮಹಿಳೆಯರಲ್ಲಿ ಇಬ್ಬರಿಗೆ ಕಾಣಿಸಿಕೊಳ್ಳುತ್ತಿತ್ತು. ಒಂದು ಎರಡಾದದ್ದು ಇಮ್ಮಡಿಯೇ ಸರಿ. ಆದರೆ ‘7,000ದಲ್ಲಿ ಇನ್ನೊಬ್ಬರಿಗೆ’ ಎಂದು ಕೇಳಿದ ಕಿವಿಗೂ ‘ಇಮ್ಮಡಿ’ ಎಂದು ಕೇಳಿದ ಕಿವಿಗೂ ತಲುಪುವ ಅರ್ಥ ಒಂದೇ ಆಗಿರುವುದಿಲ್ಲ. ರಕ್ತ ಹೆಪ್ಪುಗಟ್ಟುವ ಅಪಾಯವು ಮಾತ್ರೆಯಿಂದ ಬರುವುದಕ್ಕಿಂತ ಗರ್ಭಧಾರಣೆಯಿಂದಲೇ ಹೆಚ್ಚು ಎಂಬ ಸಂಗತಿಯೂ ಆ ಗದ್ದಲದಲ್ಲಿ ಕೇಳಿಸದೇ ಹೋಯಿತು.

ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗೆರೆಂಜರ್ ಮತ್ತು ಅವರ ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದಿಂದಾಗಿ ಈ ಪ್ರಕರಣ ಹೆಚ್ಚು ಪ್ರಚಾರಕ್ಕೆ ಬಂದಿತು. ಪದವಿ ವಿದ್ಯಾರ್ಥಿಗಳಿಗೆ ವಿಜ್ಞಾನ ಸಂವಹನವನ್ನು ಮನೋವಿಜ್ಞಾನದ ಮೂಲಕ ಬೋಧಿಸಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗುವುದು ಕಷ್ಟ. ವಿಜ್ಞಾನ ಸರಿಯಿದ್ದು, ಭಾಷೆಯೂ ಸರಳವಾಗಿದ್ದು, ಸಂವಹನ ಮಾತ್ರ ಸೋತ ಪ್ರಸಂಗವಿದು. ಎಲ್ಲಿ ಸೋತಿತು ಎಂಬುದನ್ನು ತಿಳಿಯಲು ಕೇಳುಗರ ಮನಸ್ಸನ್ನೇ ಅಧ್ಯಯನ ಮಾಡಬೇಕಾಗುತ್ತದೆ.

ಕೊರತೆ ತುಂಬುವ ಕಲ್ಪನೆ

ಜನರಿಗೆ ವಿಜ್ಞಾನ ತಿಳಿಯದಿರುವುದೇ ಸಮಸ್ಯೆ, ತಿಳಿಸಿಬಿಟ್ಟರೆ ಪರಿಹಾರ ಎಂಬ ನಂಬಿಕೆ ಬಹುಕಾಲ ಪ್ರಚಲಿತದಲ್ಲಿತ್ತು. ಲಂಡನ್ನಿನ ರಾಯಲ್ ಸೊಸೈಟಿಯು 1985ರಲ್ಲಿ ಹೊರತಂದ, ಬಾಡ್ಮರ್ ವರದಿ ಎಂದೇ ಹೆಸರಾದ ದಾಖಲೆಯು ಜನಸಾಮಾನ್ಯರೊಡನೆ ಮಾತನಾಡುವುದು ವಿಜ್ಞಾನಿಗಳ ಕರ್ತವ್ಯವೆಂದು ಸಾರಿತು. ಆ ಕರೆಯ ಫಲವಾಗಿ ಉಪನ್ಯಾಸಗಳು, ಪ್ರದರ್ಶನಗಳು, ಲೇಖನಗಳು ಹೆಚ್ಚಿದವು. ಆದರೆ ಖಾಲಿ ಕೊಡಕ್ಕೆ ನೀರು ಹೊಯ್ದಂತೆ ತಿಳಿವಳಿಕೆಯನ್ನು ತುಂಬಲಾಗದು ಎಂಬುದೂ ಬೇಗನೆ ಮನವರಿಕೆಯಾಯಿತು. 2000ದಲ್ಲಿ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯ ಸಮಿತಿಯು ಏಕಮುಖ ಬೋಧನೆಯ ಬದಲು ಜನರೊಡನೆ ಸಂವಾದ ನಡೆಯಬೇಕೆಂದು ಹೇಳಿತು. ಜನರ ಬಳಿ ಇರುವುದು ಖಾಲಿ ಕೊಡವಲ್ಲ. ಅದರಲ್ಲಿ ಆಗಲೇ ಅನುಭವ, ಅನುಮಾನ, ಅಜ್ಜಿಯ ಮಾತು, ಪಕ್ಕದ ಮನೆಯವರ ಉದಾಹರಣೆ ಎಲ್ಲವೂ ತುಂಬಿವೆ.

ಈ ತುಂಬಿದ ಕೊಡದ ಕಾಟ ಮನೋವಿಜ್ಞಾನಕ್ಕೆ ಉಳಿದೆಲ್ಲ ವಿಜ್ಞಾನಗಳಿಗಿಂತ ಹೆಚ್ಚು. ಕ್ವಾಂಟಂ ಭೌತವಿಜ್ಞಾನದ ಕುರಿತು ಯಾರಿಗೂ ಸ್ವಂತ ಅಭಿಪ್ರಾಯವಿರುವುದಿಲ್ಲ. ಆದರೆ ಮಕ್ಕಳನ್ನು ಬೆಳೆಸುವುದು, ನೆನಪಿನ ಶಕ್ತಿ, ನಿದ್ದೆ, ಪರೀಕ್ಷಾ ಭಯ, ಗಂಡ-ಹೆಂಡಿರ ಜಗಳ ಇವುಗಳ ವಿಷಯದಲ್ಲಿ ಪ್ರತಿಯೊಬ್ಬರೂ ತಜ್ಞರೇ. ಸಂಶೋಧನೆಯ ಫಲಿತಾಂಶ ತಮ್ಮ ಅನಿಸಿಕೆಗೆ ಹೊಂದಿದರೆ ‘ಇದು ಗೊತ್ತಿದ್ದದ್ದೇ’ ಎನ್ನುತ್ತಾರೆ, ಹೊಂದದಿದ್ದರೆ ‘ಇದೆಲ್ಲ ಪುಸ್ತಕದ ಮಾತು’ ಎನ್ನುತ್ತಾರೆ. ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾಗಿದ್ದ ಜಾರ್ಜ್ ಮಿಲ್ಲರ್ ಅವರು 1969ರ ತಮ್ಮ ಭಾಷಣದಲ್ಲಿ ಮನೋವಿಜ್ಞಾನವನ್ನು ಅಗತ್ಯವಿದ್ದವರಿಗೆ ಕೊಟ್ಟುಬಿಡಬೇಕೆಂದು ಹೇಳಿದ್ದು ಪ್ರಸಿದ್ಧ. ಅದೇ ಸಂಘವು 2013ರಲ್ಲಿ ಪರಿಷ್ಕರಿಸಿದ ಪದವಿ ಶಿಕ್ಷಣದ ಮಾರ್ಗಸೂಚಿಯಲ್ಲಿ ಸಂವಹನವನ್ನು ಐದು ಮುಖ್ಯ ಗುರಿಗಳಲ್ಲಿ ಒಂದಾಗಿ ಸೇರಿಸಿತು. ಅದೇ ವರ್ಷ ಅಮೆರಿಕದ ಬೋಧಕರಾದ ಸಾರಾ ಬ್ರೌನೆಲ್ ಮತ್ತು ಸಂಗಡಿಗರು ನರವಿಜ್ಞಾನ ಶಿಕ್ಷಣದ ನಿಯತಕಾಲಿಕವೊಂದರಲ್ಲಿ, ಜನಸಾಮಾನ್ಯರಿಗೆ ವಿಜ್ಞಾನ ತಿಳಿಸುವ ಕೌಶಲವು ಪದವಿ ಹಂತದ ವಿಧಿವತ್ತಾದ ಶಿಕ್ಷಣದ ಭಾಗವಾಗಬೇಕೆಂದು ವಾದಿಸಿದರು.

ಮೇಜು ಬಡಿಯುವ ಪಾಠ

ತರಗತಿಯ ಮೊದಲ ವಾರದಲ್ಲೇ ನಡೆಸಬಹುದಾದ ಪ್ರಯೋಗವೊಂದಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಎಲಿಜಬೆತ್ ನ್ಯೂಟನ್ 1990ರಲ್ಲಿ ತಮ್ಮ ಸಂಶೋಧನೆಗಾಗಿ ಕೆಲವರಿಗೆ ಎಲ್ಲರಿಗೂ ಪರಿಚಿತವಾದ ಹಾಡುಗಳ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ಬಡಿಯಲು ಹೇಳಿದರು. ಎದುರಿಗಿದ್ದವರು ಹಾಡು ಯಾವುದೆಂದು ಗುರುತಿಸಬೇಕಿತ್ತು. ಕೇಳುಗರಲ್ಲಿ ಅರ್ಧದಷ್ಟು ಮಂದಿ ಗುರುತಿಸಿಯಾರೆಂದು ಬಡಿಯುವವರು ಊಹಿಸಿದ್ದರು. ವಾಸ್ತವದಲ್ಲಿ 120 ಹಾಡುಗಳ ಪೈಕಿ ಸರಿಯಾಗಿ ಗುರುತಿಸಲ್ಪಟ್ಟಿದ್ದು ಮೂರು ಮಾತ್ರ. ಬಡಿಯುವವರ ತಲೆಯೊಳಗೆ ರಾಗ, ಸಾಹಿತ್ಯ, ವಾದ್ಯ ಎಲ್ಲವೂ ಮೊಳಗುತ್ತಿರುತ್ತವೆ. ಕೇಳುವವರಿಗೆ ದಕ್ಕುವುದು ಟಕ್ ಟಕ್ ಸದ್ದು.

ಇದನ್ನು ಮನೋವಿಜ್ಞಾನಿಗಳು ‘ಜ್ಞಾನದ ಶಾಪ’ ಎಂದು ಕರೆಯುತ್ತಾರೆ. ಒಮ್ಮೆ ತಿಳಿದುಕೊಂಡ ಮೇಲೆ, ತಿಳಿಯದಿದ್ದಾಗ ಹೇಗಿತ್ತೆಂಬುದನ್ನು ಕಲ್ಪಿಸಿಕೊಳ್ಳುವುದು ದುಸ್ತರ. ಪದವಿಯ ಐದನೆಯ ಸೆಮಿಸ್ಟರಿನಲ್ಲಿರುವ ವಿದ್ಯಾರ್ಥಿಯೂ ಈ ಶಾಪಕ್ಕೆ ಆಗಲೇ ಗುರಿಯಾಗಿರುತ್ತಾನೆ. ‘ಚರ’, ‘ನಿಯಂತ್ರಿತ ಗುಂಪು’ ಮುಂತಾದ ಪದಗಳು ಅವನಿಗೆ ದಿನಬಳಕೆಯ ಮಾತಾಗಿವೆ. ನಾಡಿನ ಯಾವ ಕಾಲೇಜಿನಲ್ಲಾದರೂ ನಾಡಗೀತೆಯ ಲಯವನ್ನು ಬಡಿಸಿ ಈ ಪ್ರಯೋಗ ಮಾಡಬಹುದು. ಖರ್ಚು ಶೂನ್ಯ, ಮತ್ತು ಹಿಂದಿನ ಬೆಂಚಿನವರೂ ಆಸಕ್ತಿಯಿಂದ ಪಾಲ್ಗೊಳ್ಳುವ ಅಪರೂಪದ ಪಾಠವಿದು.

ಇದರ ಜೊತೆಗೆ ಇಟ್ಟು ಕಲಿಸಬೇಕಾದ ಇನ್ನೊಂದು ಅಧ್ಯಯನ ಯೇಲ್ ವಿಶ್ವವಿದ್ಯಾನಿಲಯದ ರೋಜನ್‌ಬ್ಲಿಟ್ ಮತ್ತು ಕೈಲ್ ಅವರದು. 2002ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಜಿಪ್ಪು, ಶೌಚಾಲಯದ ಫ್ಲಶ್‌ನಂತಹ ನಿತ್ಯದ ವಸ್ತುಗಳು ಹೇಗೆ ಕೆಲಸ ಮಾಡುತ್ತವೆಂಬುದು ತಮಗೆ ಎಷ್ಟು ಗೊತ್ತಿದೆಯೆಂದು ಜನರು ಮೊದಲು ಅಂಕ ಕೊಟ್ಟುಕೊಂಡರು. ಬಳಿಕ ಅದನ್ನು ಹಂತಹಂತವಾಗಿ ವಿವರಿಸಲು ಹೇಳಿದಾಗ ತಡವರಿಸಿದರು; ಎರಡನೆಯ ಬಾರಿ ಕೊಟ್ಟುಕೊಂಡ ಅಂಕ ಇಳಿಯಿತು. ವಿವರಿಸಲು ಹೊರಡುವವರೆಗೆ ತಮ್ಮ ತಿಳಿವಳಿಕೆಯ ಆಳ ತಮಗೇ ಗೊತ್ತಿರುವುದಿಲ್ಲ. ಓದುಗರಿಗಾಗಿ ಬರೆಯುವ ಅಭ್ಯಾಸವು ಬರೆಯುವವರ ಕಲಿಕೆಯನ್ನೂ ಗಟ್ಟಿಮಾಡುತ್ತದೆ ಎಂಬ ವಾದಕ್ಕೆ ಇದು ಒಂದು ಆಧಾರ.

ಕನ್ನಡದ ಪದಗಳು, ಕನ್ನಡದ ತೊಡಕುಗಳು

ಇಂಗ್ಲಿಷಿನಲ್ಲಿ ರೂಪಿಸಿದ ಪಾಠಕ್ರಮವನ್ನು ಕನ್ನಡಕ್ಕೆ ಹಾಗೆಯೇ ತಂದುಕೊಂಡರೆ ಆಗದು. ಇಂಗ್ಲಿಷ್ ಓದುಗರಿಗೆ ‘ಥಿಯರಿ’ ಎಂದರೆ ಬರಿಯ ಊಹೆ ಎನಿಸುತ್ತದೆಂದು ಅಲ್ಲಿನ ಬೋಧಕರು ಸದಾ ಗೊಣಗುತ್ತಾರೆ. ಕನ್ನಡದಲ್ಲಿ ಸಮಸ್ಯೆ ತಿರುವುಮುರುವು. ‘ಸಿದ್ಧಾಂತ’ವು ದ್ವೈತಾದ್ವೈತಗಳಿಗೂ ರಾಜಕೀಯ ಪಕ್ಷಗಳಿಗೂ ಸಲ್ಲುವ ಪದ. ‘ಪಕ್ಷದ ಸಿದ್ಧಾಂತ’ ಎಂದು ದಿನವೂ ಓದುವವರಿಗೆ ‘ಕಲಿಕೆಯ ಸಿದ್ಧಾಂತ’ ಎಂದಾಗ ಅದು ಪುರಾವೆಯಿಂದ ಬದಲಾಗಬಲ್ಲ ವಿವರಣೆ ಎಂದು ತೋರುವುದಿಲ್ಲ, ಯಾರೋ ಬಿಗಿಯಾಗಿ ಹಿಡಿದ ನಂಬಿಕೆ ಎಂದೇ ತೋರಬಹುದು.

ಎರಡು ಅಂಶಗಳು ಒಟ್ಟೊಟ್ಟಿಗೆ ಏರಿಳಿಯುವುದನ್ನು ಪಠ್ಯಪುಸ್ತಕಗಳು ‘ಸಹಸಂಬಂಧ’ ಎನ್ನುತ್ತವೆ. ಪತ್ರಿಕೆಯಲ್ಲಿ ಅದು ‘ಸಂಬಂಧ’ವಾಗುತ್ತದೆ, ಶೀರ್ಷಿಕೆಗೆ ಬರುವಷ್ಟರಲ್ಲಿ ‘ಕಾರಣ’ವಾಗಿಬಿಡುತ್ತದೆ. ಮನೆಯಲ್ಲಿ ಪುಸ್ತಕಗಳು ಹೆಚ್ಚಿರುವ ಮಕ್ಕಳು ಹೆಚ್ಚು ಅಂಕ ಗಳಿಸುತ್ತಾರೆಂದರೆ, ಕಪಾಟು ತುಂಬ ಪುಸ್ತಕ ಕೊಂಡುತಂದ ಮಾತ್ರಕ್ಕೆ ಅಂಕ ಏರದು. ಪುಸ್ತಕ ಕೊಳ್ಳುವ ಮನೆಯ ಆದಾಯ, ತಂದೆತಾಯಿಯರ ಓದು ಇವೂ ಅಲ್ಲಿ ಕೆಲಸ ಮಾಡುತ್ತಿರುತ್ತವೆ. ‘ಋಣಾತ್ಮಕ ಪುನರ್ಬಲನ’ದ ಪಾಡು ಇನ್ನೂ ಕಷ್ಟ. ಋಣ ಎಂದ ಕೂಡಲೇ ಕೆಟ್ಟದ್ದೆಂದು ಭಾವಿಸಿ, ವಿದ್ಯಾರ್ಥಿಗಳೇ ಅದನ್ನು ಶಿಕ್ಷೆ ಎಂದು ಬರೆಯುತ್ತಾರೆ. ಸೀಟ್ ಬೆಲ್ಟ್ ಹಾಕಿಕೊಳ್ಳುವವರೆಗೆ ಕಾರು ಕಿರಿಚುತ್ತದೆ, ಹಾಕಿಕೊಂಡರೆ ಸುಮ್ಮನಾಗುತ್ತದೆ. ಕಿರಿಕಿರಿ ತೊಲಗಿದ್ದರಿಂದ ಬೆಲ್ಟ್ ಹಾಕಿಕೊಳ್ಳುವ ಅಭ್ಯಾಸ ಬಲಗೊಳ್ಳುತ್ತದೆ. ಹೀಗೆ ಹೇಳಿದರೆ ಪಾರಿಭಾಷಿಕ ಪದದ ಅಗತ್ಯವೇ ಬೀಳುವುದಿಲ್ಲ. ಕೊರೊನಾ ಕಾಲದಲ್ಲಿ ‘ಪಾಸಿಟಿವ್’ ಎಂದರೆ ದುಃಖ, ‘ನೆಗೆಟಿವ್’ ಎಂದರೆ ಸಂತಸ ಎಂಬ ವಿಚಿತ್ರವನ್ನು ಇಡೀ ನಾಡೇ ಕಲಿಯಿತು. ಪದಗಳ ಅರ್ಥವನ್ನು ಸಂದರ್ಭವೇ ನಿರ್ಧರಿಸುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಮೊಜಾರ್ಟ್ ಸುದ್ದಿಯ ಜಾಡು

ಒಂದು ಸುದ್ದಿಯನ್ನು ಅದರ ಮೂಲದವರೆಗೂ ಬೆನ್ನಟ್ಟಿ ಹೋಗುವುದು ಇಂತಹ ತರಗತಿಯ ಮುಖ್ಯ ಅಭ್ಯಾಸ. ಅದಕ್ಕೆ ‘ಮೊಜಾರ್ಟ್ ಪರಿಣಾಮ’ ಹೇಳಿ ಮಾಡಿಸಿದ್ದು. 1993ರ ಅಕ್ಟೋಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫ್ರಾನ್ಸಿಸ್ ರೌಶರ್, ಗಾರ್ಡನ್ ಶಾ ಮತ್ತು ಕ್ಯಾಥರೀನ್ ಕೀ ಅವರ ಒಂದು ಪುಟದ ಟಿಪ್ಪಣಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾದ 36 ಮಂದಿ ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಜಾರ್ಟನ ಎರಡು ಪಿಯಾನೋಗಳ ಸೊನಾಟಾ ಕೇಳಿದ ಬಳಿಕ, ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಬಗೆಯ ಪರೀಕ್ಷೆಯಲ್ಲಿ, ಮೌನವಾಗಿ ಕುಳಿತಾಗ ಅಥವಾ ವಿಶ್ರಾಂತಿಯ ಧ್ವನಿಸುರುಳಿ ಕೇಳಿದಾಗ ಗಳಿಸಿದ್ದಕ್ಕಿಂತ ಎಂಟೊಂಬತ್ತು ಅಂಶ ಹೆಚ್ಚು ಗಳಿಸಿದ್ದರು. ಪರಿಣಾಮ ಹತ್ತು ಹದಿನೈದು ನಿಮಿಷಗಳಾಚೆಗೆ ಉಳಿಯಲಿಲ್ಲವೆಂದು ಲೇಖಕರೇ ಬರೆದಿದ್ದರು.

ಮುಂದಿನ ಕಥೆಯಲ್ಲಿ ಪರೀಕ್ಷೆಯ ಹೆಸರು ಬಿದ್ದುಹೋಯಿತು, ‘ಬುದ್ಧಿಮತ್ತೆ’ ಬಂದಿತು. ಹದಿನೈದು ನಿಮಿಷ ಅಳಿಸಿಹೋಯಿತು. ಕಾಲೇಜು ವಿದ್ಯಾರ್ಥಿಗಳ ಜಾಗಕ್ಕೆ ಕೂಸುಗಳು ಬಂದವು, ಬಳಿಕ ಗರ್ಭಸ್ಥ ಶಿಶುಗಳೂ ಬಂದವು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್ ರಾಜ್ಯದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು ಆಯವ್ಯಯದಲ್ಲಿ 1,05,000 ಡಾಲರ್ ಕೇಳಿದರು. ಮೂಲ ಅಧ್ಯಯನದಲ್ಲಿ ಒಂದೇ ಒಂದು ಮಗುವೂ ಇರಲಿಲ್ಲ. ಇತ್ತ ಇತರ ಪ್ರಯೋಗಾಲಯಗಳು ಅದೇ ಫಲಿತಾಂಶ ಪಡೆಯಲು ಹೆಣಗಿದವು. 2010ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದ ಸಂಶೋಧಕರು ಸುಮಾರು 40 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೊಜಾರ್ಟನ ಸಂಗೀತಕ್ಕೇ ವಿಶೇಷವಾದ ಲಾಭವೇನೂ ಕಂಡುಬರಲಿಲ್ಲ. ಮನಸ್ಸನ್ನು ತುಸು ಚುರುಕುಗೊಳಿಸುವ ಬೇರೆ ಸಂಗೀತವೂ ಅಷ್ಟೇ ಕೆಲಸ ಮಾಡುತ್ತದೆ. ಮಕ್ಕಳಿಗೆ ಸಂಗೀತ ಕೇಳಿಸುವುದು ಒಳ್ಳೆಯದೇ. ಅದಕ್ಕೆ ಬುದ್ಧಿಮತ್ತೆಯ ನೆಪ ಬೇಕಿಲ್ಲ.

ಪ್ರತಿಯೊಂದು ಹಂತದಲ್ಲಿ ಯಾವ ಪದ ಸೇರಿತು, ಯಾವುದು ಬಿಟ್ಟುಹೋಯಿತು ಎಂದು ಗುರುತುಹಾಕುತ್ತ ಹೋದಾಗ, ದೋಷವೆಲ್ಲ ಪತ್ರಕರ್ತರದ್ದೇ ಎಂಬ ತೀರ್ಮಾನಕ್ಕೆ ವಿದ್ಯಾರ್ಥಿಗಳು ಬರುವುದುಂಟು. ಅದನ್ನು ತಿದ್ದಲು ಕಾರ್ಡಿಫ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿಗಳಾದ ಪೆಟ್ರಾಕ್ ಸಮ್ನರ್ ಮತ್ತು ಸಂಗಡಿಗರ 2014ರ ಅಧ್ಯಯನವಿದೆ. ಬ್ರಿಟನ್ನಿನ 20 ಪ್ರಮುಖ ವಿಶ್ವವಿದ್ಯಾನಿಲಯಗಳು 2011ರಲ್ಲಿ ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಅವರು ಮೂಲ ಪ್ರಬಂಧ ಮತ್ತು ಸುದ್ದಿಗಳೊಡನೆ ಹೋಲಿಸಿದರು. ಶೇ. 40ರಷ್ಟು ಪ್ರಕಟಣೆಗಳಲ್ಲಿ ಓದುಗರಿಗೆ ನೀಡಿದ ಸಲಹೆ, ಶೇ. 33ರಷ್ಟರಲ್ಲಿ ಕಾರಣ-ಪರಿಣಾಮದ ಹೇಳಿಕೆ ಉತ್ಪ್ರೇಕ್ಷಿತವಾಗಿತ್ತು. ಕಾರಣ-ಪರಿಣಾಮದ ಹೇಳಿಕೆಯನ್ನು ಪ್ರಕಟಣೆಯೇ ಹಿಗ್ಗಿಸಿದ್ದಾಗ ಶೇ. 81ರಷ್ಟು ಸುದ್ದಿಗಳೂ ಹಿಗ್ಗಿಸಿದ್ದವು; ಪ್ರಕಟಣೆ ನೇರವಾಗಿದ್ದಾಗ ಶೇ. 18 ಮಾತ್ರ. ಇಂತಹ ಪ್ರಕಟಣೆಗಳು ಸಾಮಾನ್ಯವಾಗಿ ಸಂಶೋಧಕರ ಒಪ್ಪಿಗೆ ಪಡೆದೇ ಹೊರಬೀಳುತ್ತವೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಉತ್ಪ್ರೇಕ್ಷೆಯಿಂದ ಹೆಚ್ಚು ಪ್ರಚಾರ ಸಿಕ್ಕಿತೆಂಬುದಕ್ಕೂ ಗಟ್ಟಿ ಪುರಾವೆ ದೊರೆಯಲಿಲ್ಲ.

ಮಿದುಳಿನ ಮೋಹ

2008ರಲ್ಲಿ ಡೀನಾ ವೈಸ್‌ಬರ್ಗ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ವಿದ್ಯಾರ್ಥಿಗಳನ್ನೇ ನೇರವಾಗಿ ತಟ್ಟುತ್ತದೆ. ಮನೋವೈಜ್ಞಾನಿಕ ವಿದ್ಯಮಾನಗಳಿಗೆ ಒಳ್ಳೆಯ ಮತ್ತು ಕಳಪೆ ವಿವರಣೆಗಳನ್ನು ಬರೆದು, ಕೆಲವಕ್ಕೆ ‘ಮಿದುಳಿನ ಸ್ಕ್ಯಾನ್ ತೋರಿಸಿದಂತೆ’ ಎಂಬ ಧಾಟಿಯ, ವಿಷಯಕ್ಕೆ ಸಂಬಂಧವೇ ಇಲ್ಲದ ವಾಕ್ಯ ಸೇರಿಸಲಾಗಿತ್ತು. ಸಾಮಾನ್ಯ ಓದುಗರಿಗೆ ಕಳಪೆ ವಿವರಣೆಯೂ ಅದರಿಂದ ರುಚಿಸಿತು. ನರವಿಜ್ಞಾನದ ಪಾಠ ಕೇಳುತ್ತಿದ್ದ ಕಾಲೇಜು ವಿದ್ಯಾರ್ಥಿಗಳೂ ಮೋಸಹೋದರು. ಪಾರಾದವರು ಪರಿಣತರು ಮಾತ್ರ. ಬಣ್ಣಬಣ್ಣದ ಮಿದುಳಿನ ಚಿತ್ರವೊಂದಿದ್ದರೆ ಸಾಕು, ಜನ ನಂಬುತ್ತಾರೆ ಎಂಬ ಇನ್ನೊಂದು ಹೇಳಿಕೆಯೂ ಅದೇ ವರ್ಷ ಹೊರಬಿದ್ದಿತು. ಆದರೆ 2013ರಲ್ಲಿ ದೊಡ್ಡ ಪ್ರಮಾಣದಲ್ಲಿ ಮರುಪರೀಕ್ಷಿಸಿದಾಗ ಚಿತ್ರದ ಪ್ರಭಾವ ನಗಣ್ಯವೆಂದು ತಿಳಿಯಿತು.

ಇಂತಹ ತಿದ್ದುಪಡಿಗಳನ್ನು ಬಚ್ಚಿಡದೆ ಹೇಳುವುದೇ ಈ ಬೋಧನೆಯ ಕಠಿಣ ಭಾಗ. ತಪ್ಪು ನಂಬಿಕೆಯನ್ನು ತಿದ್ದಹೋದರೆ ಅದು ಮತ್ತಷ್ಟು ಬಲಗೊಳ್ಳುತ್ತದೆ ಎಂಬ ಮಾತು 2010ರ ನೈಹನ್ ಮತ್ತು ರೈಫ್ಲರ್ ಅವರ ಅಧ್ಯಯನದ ನಂತರ ಸಂವಹನ ಶಿಬಿರಗಳಲ್ಲೆಲ್ಲ ವೇದವಾಕ್ಯವಾಗಿತ್ತು. 2019ರಲ್ಲಿ ವುಡ್ ಮತ್ತು ಪೋರ್ಟರ್ 10,000ಕ್ಕೂ ಹೆಚ್ಚು ಜನರನ್ನು 52 ವಿಷಯಗಳಲ್ಲಿ ಪರೀಕ್ಷಿಸಿದಾಗ ಅಂತಹ ತಿರುಗೇಟು ಕಾಣಿಸಲೇ ಇಲ್ಲ. ಜನರು ಬಹುಮಟ್ಟಿಗೆ ತಿದ್ದುಪಡಿಯತ್ತಲೇ ವಾಲಿದರು. ಸುಳ್ಳಿಗೆ ಉತ್ತರ ಕೊಡದೆ ಸುಮ್ಮನಿರುವುದೇ ಲೇಸು ಎಂದು ಕಲಿತುಹೋದ ಹಳೆಯ ವಿದ್ಯಾರ್ಥಿಗಳಿಗೆ ಈ ಹೊಸ ಸುದ್ದಿ ಮುಟ್ಟಿರಲಾರದು. ವಿಜ್ಞಾನ ಸಂವಹನದ ವಿಜ್ಞಾನವೂ ತಪ್ಪುತ್ತದೆ, ತಿದ್ದಿಕೊಳ್ಳುತ್ತದೆ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮರುನಡೆಸಿದಾಗ ಕೇವಲ ಶೇ. 36ರಷ್ಟರಲ್ಲಿ ಸಂಖ್ಯಾಶಾಸ್ತ್ರೀಯವಾಗಿ ಗಟ್ಟಿಯಾದ ಫಲಿತಾಂಶ ಮತ್ತೆ ದೊರೆತದ್ದು ಈ ಕ್ಷೇತ್ರದ ದೊಡ್ಡ ಮುಖಭಂಗ. ಅದನ್ನು ಪಠ್ಯದಿಂದ ಕೈಬಿಟ್ಟರೆ ಬೋಧಕರೇ ಉತ್ಪ್ರೇಕ್ಷೆಯ ಪ್ರಕಟಣೆ ಹೊರಡಿಸಿದಂತೆ.

ಅನಿಶ್ಚಿತತೆಯನ್ನು ಒಪ್ಪಿಕೊಂಡರೆ ಜನರ ವಿಶ್ವಾಸ ಕುಸಿಯುತ್ತದೆಂಬ ಅಂಜಿಕೆ ವಿಜ್ಞಾನಿಗಳಲ್ಲಿ ಸಾಮಾನ್ಯ. ಕೇಂಬ್ರಿಜ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಸರಣಿ ಪ್ರಯೋಗಗಳ ಪ್ರಕಾರ, ಅನಿಶ್ಚಿತತೆಯನ್ನು ಅಂಕಿಗಳ ವ್ಯಾಪ್ತಿಯಾಗಿ ಕೊಟ್ಟಾಗ ವಿಶ್ವಾಸ ತೀರಾ ಅಲ್ಪ ಮಾತ್ರ ಇಳಿಯುತ್ತದೆ. ‘ಇರಬಹುದು, ಇಲ್ಲದಿರಬಹುದು’ ಎಂಬ ಮಾತಿನ ಅಸ್ಪಷ್ಟತೆಯೇ ಹೆಚ್ಚು ಹಾನಿಕರ.

ತರಗತಿಯಲ್ಲಿ ನಡೆಯಬೇಕಾದದ್ದು

ವಿದ್ಯಾರ್ಥಿಯು ಸಂಶೋಧನಾ ಪ್ರಬಂಧವೊಂದನ್ನು ಓದಿ, ಪತ್ರಿಕೆಯ ಓದುಗರಿಗಾಗಿ ನಾನೂರು ಪದಗಳಲ್ಲಿ ಬರೆಯುವುದು ರೂಢಿಯ ಅಭ್ಯಾಸ. ಅಧ್ಯಾಪಕರು ಕೆಂಪು ಶಾಯಿಯಲ್ಲಿ ತಿದ್ದಿ ಅಂಕ ಕೊಟ್ಟರೆ ಕಥೆ ಮುಗಿಯಿತು. ಆದರೆ ಅಧ್ಯಾಪಕರಿಗೆ ವಿಷಯ ಆಗಲೇ ಗೊತ್ತು. ಮೇಜಿನ ಟಕ್ ಟಕ್ ಅವರಿಗೆ ಹಾಡಾಗಿಯೇ ಕೇಳಿಸುತ್ತದೆ. ಆದ್ದರಿಂದ ಆ ಬರಹವನ್ನು ವಿಷಯ ತಿಳಿಯದ ಒಬ್ಬರಿಗೆ, ವಾಣಿಜ್ಯ ವಿಭಾಗದ ಗೆಳತಿಗೋ ಮನೆಯ ಹಿರಿಯರಿಗೋ, ಓದಲು ಕೊಡಬೇಕು. ‘ಅರ್ಥವಾಯಿತೇ?’ ಎಂದು ಕೇಳುವುದು ವ್ಯರ್ಥ, ಸೌಜನ್ಯಕ್ಕಾಗಿ ಎಲ್ಲರೂ ಹೂಂ ಎನ್ನುತ್ತಾರೆ. ಓದಿದ್ದನ್ನು ಅವರ ಮಾತಿನಲ್ಲೇ ತಿರುಗಿ ಹೇಳಲು ಕೋರಬೇಕು. ವೈದ್ಯರು ರೋಗಿಗಳಿಗೆ ಔಷಧದ ಕ್ರಮ ತಿಳಿಸುವಾಗ ಬಳಸುವ ಇದೇ ಉಪಾಯ ಇಲ್ಲಿಯೂ ಸಲ್ಲುತ್ತದೆ. ತಿರುಗಿ ಹೇಳಿದ್ದಕ್ಕೂ ಬರೆದದ್ದಕ್ಕೂ ಇರುವ ಅಂತರವನ್ನು ದಾಖಲಿಸಿ, ಮತ್ತೆ ಬರೆದು, ಎರಡನ್ನೂ ಒಪ್ಪಿಸಿದಾಗ ಬರವಣಿಗೆಯು ಪುಟ್ಟ ಪ್ರಯೋಗವಾಗುತ್ತದೆ. ಪ್ರಯೋಗ ನಡೆಸುವುದನ್ನು ಮನೋವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಆಕ್ಷೇಪಗಳೂ ಇವೆ. ಅರುವತ್ತು ಎಪ್ಪತ್ತು ಮಂದಿಯ ತರಗತಿಯಲ್ಲಿ ಪ್ರತಿಯೊಬ್ಬರ ಎರಡೆರಡು ಕರಡುಗಳನ್ನು ಓದುವುದು ಅಧ್ಯಾಪಕರಿಗೆ ಸಣ್ಣ ಹೊರೆಯಲ್ಲ. ಇನ್ನೂ ಗಂಭೀರವಾದ ಆಕ್ಷೇಪವೆಂದರೆ, ಮನಸ್ಸಿನ ದೌರ್ಬಲ್ಯಗಳನ್ನು ಕಲಿತವರು ಅವನ್ನೇ ಬಳಸಿ ಮಾತು ಮಾರಲು ತೊಡಗಬಹುದೆಂಬುದು. ಒಬ್ಬ ರೋಗಿಯ ಕಣ್ಣೀರಿನ ಕಥೆ ಸಾವಿರ ಅಂಕಿಗಳಿಗಿಂತ ಪರಿಣಾಮಕಾರಿ ಎಂದು ತಿಳಿದ ವಿದ್ಯಾರ್ಥಿ, ಆ ಕಥೆ ಸಾವಿರಕ್ಕೆ ಪ್ರತಿನಿಧಿಯೇ ಅಪವಾದವೇ ಎಂಬ ಪ್ರಶ್ನೆಯನ್ನು ನುಂಗಿಕೊಂಡರೆ ಜಾಹೀರಾತಿನವನಾಗುತ್ತಾನೆ. ನೀತಿಯ ಪಾಠವನ್ನು ಕೊನೆಯ ಅಧ್ಯಾಯಕ್ಕೆ ತಳ್ಳದೆ, ಮೊದಲ ಕರಡಿನಿಂದಲೇ ಈ ಪ್ರಶ್ನೆಯನ್ನು ಕೇಳುವುದು ಉಚಿತ.

ಮೈಸೂರಿನ ನಂಟು

ಮನೋವಿಜ್ಞಾನವನ್ನು ಜನರ ಕಿವಿಗೆ ತಲುಪಿಸುವ ಹಂಬಲ ಕನ್ನಡ ನಾಡಿಗೆ ಹೊಸದಲ್ಲ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅಧ್ಯಯನ ಮಾಡಿ ಬಂದ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಖಾಸಗಿ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಅದರ ಹೆಸರನ್ನು ಮುಂದೆ ದೇಶದ ಬಾನುಲಿ ಸಂಸ್ಥೆಯೇ ತನ್ನದಾಗಿಸಿಕೊಂಡಿತು. ‘ಕೊರವಂಜಿ’ ಹಾಸ್ಯ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕುರಿತು ಬರೆದ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಕನ್ನಡದಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಬರೆದಿದ್ದಾರೆ; ಅವರಿಗೆ 2024ರಲ್ಲಿ ಪದ್ಮಶ್ರೀ ಲಭಿಸಿತು.

ಇವರಾರೂ ಸಂವಹನವನ್ನು ತರಗತಿಯಲ್ಲಿ ಕಲಿತವರಲ್ಲ. ಪತ್ರಿಕೆಯ ಓದುಗರು, ಬಾನುಲಿಯ ಕೇಳುಗರು, ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರು ಇವರಿಗೆ ಗುರುಗಳು. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು ಕನ್ನಡದಲ್ಲಿ ಮನೆಯವರೊಡನೆ ಮಾತನಾಡುವ ಇಂದಿನ ವಿದ್ಯಾರ್ಥಿಗೆ ಅಂತಹ ಕೇಳುಗರು ಮನೆಯಲ್ಲೇ ಇದ್ದಾರೆ. ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಐದನ್ನು, ಸೆಮಿಸ್ಟರಿನ ಒಂದು ಪ್ರಯೋಗವನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ವಿವರಿಸಿ ಅವರು ತಿರುಗಿ ಹೇಳಿದ್ದನ್ನು ಬರೆದುತರುವ ಕೆಲಸಕ್ಕೆ ಮೀಸಲಿಡಲು ಹೊಸ ಪತ್ರಿಕೆ, ಹೊಸ ಹುದ್ದೆ ಯಾವುದೂ ಬೇಕಾಗುವುದಿಲ್ಲ.